ಕಲ್ಲಿನಲ್ಲಿ ಉಳಿಯುವ ಹಿಟ್ಟು

ಸೋಮವಾರ, ೯ ಜನವರಿ ೧೯೮೪. ಬೆಳಿಗ್ಗೆ ಎಂಟು

ಇವತ್ತೂ ಅದೇ. ಶಟರ್ ಎತ್ತಿದೆ. ಕಸ ಗುಡಿಸಿದೆ. ಶಟರ್ ಇಳಿಸಿದೆ. ಇಪ್ಪತ್ತೆರಡನೇ ದಿನ.

ಹಿಟ್ಟಿನ ಗಿರಣಿ ಇದೆ. ಹಳೆಯದಾದರೂ ಗಟ್ಟಿ ಕಲ್ಲು ಇದೆ. ಮೀಟರ್ ಕೂತಿದೆ. ಮೋಟಾರು ಖಮರುದ್ದೀನ್ ಭಾಯಿಯ ವೈಂಡಿಂಗ್ ಅಂಗಡಿಯಲ್ಲಿ ತಂತಿ ಸುತ್ತಿಸಿಕೊಂಡು ತಯಾರಾಗಿ ಹತ್ತು ದಿನ ಆಯಿತು. ಇಲ್ಲದಿರುವುದು ಒಂದೇ — ನಾನು.

ಖಮರುದ್ದೀನ್ ದಾರಿಯಲ್ಲೇ ಹಿಡಿದ.

"ಬಾಯಿ, ಮೋಟಾರ್ ಒಯ್ಯೋದ ಅದನೋ ಇಲ್ಲೋ? ಬಂದ ಗಿರಾಕಿಗೋಳೆಲ್ಲಾ ಅದರ ಮ್ಯಾಲ ಚಾ ಕಪ್ ಇಡಾಕತ್ತಾರ."

"ನಾಳಿ ಒಯ್ತೀನಿ ಭಾಯಿ."

"ಯಾವ ನಾಳಿ ಅಂತ ಬರದ ಕೊಡ್ರಿ. ಭಾಷಣಾ ಬರೀತೀರಲ್ಲಾ, ಹಾಂಗ."

ನಗೆ ಬಂತು. ಸಿಟ್ಟೂ ಬಂತು. ಹತ್ತು ವರ್ಷ ಸಂಘಟನೆಯಲ್ಲಿ ದುಡಿದವಳು ನಾನು. ತಹಸೀಲ್ದಾರರ ಕಚೇರಿ ಮುಂದೆ ಮೂರು ದಿನ ಕೂತವಳು. ಒಂದು ಮೋಟಾರು ತರಲು ಕಾಲು ಏಳುವುದಿಲ್ಲ.

ನೆಪಗಳು ಬೇಕಾದಷ್ಟಿವೆ. ಮೋಟಾರಿನಿಂದ ಕಲ್ಲಿಗೆ ಹಾಕುವ ಪಟ್ಟಾ ಬಂದಿಲ್ಲ. ಬೋರ್ಡು ಬರೆಸಿಲ್ಲ. ಕಲ್ಲಿಗೆ ಹಲ್ಲು ಸವೆದಿದೆ...

ಕೋಣೆ ಮಹಾರುದ್ರಪ್ಪನವರದು. ಮಗ್ಗುಲಲ್ಲೇ ಅವರ ಕಿರಾಣಿ ಅಂಗಡಿ, ಅದರ ಹಿಂದೆ ಮನೆ. ಕೇರಿಯವಳಿಗೆ ಕೋಣೆ ಕೊಟ್ಟಿರಾ ಅಂತ ಬೀಗರು ಕೇಳಿದ್ದಕ್ಕೆ "ಬಾಡಗಿಗಿ ಕೊಟ್ಟೇನಿ, ಮಗಳ್ನ ಕೊಟ್ಟಿಲ್ಲ" ಅಂದರಂತೆ. ಮಾತು ಚುಚ್ಚಿತು. ಆದರೂ ಕೋಣೆ ಕೊಟ್ಟರು. ದಯೆಯಿಂದಲ್ಲ. ಗಿರಣಿಗೆ ಬಂದವರು ಅವರ ಅಂಗಡಿಗೂ ಬರುತ್ತಾರೆ ಅನ್ನುವ ಆಸೆ. ಇರಲಿ. ಆಸೆಯಿಂದ ತೆರೆದ ಬಾಗಿಲೂ ಬಾಗಿಲೇ.

ಮಾತು ಒಂದೇ: ಶಿವರಾತ್ರಿಯೊಳಗೆ ಗಿರಣಿ ನಡೆಯಬೇಕು. ಇಲ್ಲದಿದ್ದರೆ ಕೋಣೆ ಹೈದರಾಬಾದಿನ ಸಾಬೂನು ಏಜಂಟನ ಗೋದಾಮು.

ಶನಿವಾರ, ೧೪ ಜನವರಿ. ಸಂಜೆ

ನಿನ್ನೆ ಭೋಗಿ, ಇವತ್ತು ಸಂಕ್ರಾಂತಿ. ಸಜ್ಜೆ ರೊಟ್ಟಿ ತಟ್ಟದ ಮನೆ ಈ ಹುಮನಾಬಾದಿನಲ್ಲಿಲ್ಲ. ಬಸ್‌ಸ್ಟ್ಯಾಂಡ್ ಕಡೆಯ ಗಿರಣಿ ಮುಂದೆ ಡಬ್ಬಿಗಳ ಸಾಲು ರಸ್ತೆಗೆ ಬಂದಿತ್ತು. ನಮ್ಮ ಓಣಿಯ ಹೆಂಗಸರು ಡಬ್ಬಿ ಹೊತ್ತು ನನ್ನ ಮುಚ್ಚಿದ ಶಟರಿನ ಮುಂದೆಯೇ ಹಾದುಹೋದರು. ಒಬ್ಬಳು ನಿಂತು ನೋಡಿದಳು. ನಾನು ತಲೆ ತಗ್ಗಿಸಿದೆ.

ನಿಜ ಬರೆಯುತ್ತೇನೆ. ಇಲ್ಲಿ ಓದುವವರು ಯಾರೂ ಇಲ್ಲ.

ಗಿರಣಿ ಕಲ್ಲಿನ ನಡುವೆ ಯಾವಾಗಲೂ ಒಂದು ಹಿಡಿ ಹಿಟ್ಟು ಉಳಿಯುತ್ತದೆ. ಹಿಂದಿನವರದು ಮುಂದಿನವರ ಡಬ್ಬಿಗೆ ಬೀಳುತ್ತದೆ. ತಡೆಯಲು ಯಾರಿಂದಲೂ ಆಗದು. ಅದಕ್ಕೇ ನಾನು ಹುಟ್ಟಿದ ಹಳ್ಳಿಯಲ್ಲಿ ನಮ್ಮ ಡಬ್ಬಿ ಕಡೆಗೆ. ಮೊದಲು ಗೋಧಿ, ಆಮೇಲೆ ಜೋಳ, ಕಡಲೆ, ಆಮೇಲೆ ಒಣ ಮೆಣಸಿನಕಾಯಿ. ಮೆಣಸಿನಕಾಯಿ ಆದ ಮೇಲೆ ನಾವು. ರೊಟ್ಟಿ ಅಂದರೆ ಗಂಟಲು ಸುಡಲೇಬೇಕು ಅಂತ ನಾನು ಹನ್ನೆರಡು ವರ್ಷದವರೆಗೆ ತಿಳಿದಿದ್ದೆ.

ಈಗ ಗಿರಣಿ ನನ್ನದು. ಕಲ್ಲು ನನ್ನದು. ಸುರಿಯುವ ಕೈ ನನ್ನದು. ಆ ಹಿಟ್ಟು ಯಾರು ತಿನ್ನುತ್ತಾರೆ? ಶಟರ್ ಮುಚ್ಚಿದ್ದಷ್ಟು ದಿನ ಈ ಪ್ರಶ್ನೆಗೆ ಉತ್ತರ ಬರುವುದಿಲ್ಲ. ಅದಕ್ಕೇ ಮುಚ್ಚಿದ್ದೇನೆ. ಪಟ್ಟಾನೂ ಅಲ್ಲ, ಬೋರ್ಡೂ ಅಲ್ಲ.

ಪಂಡರಿಗೆ ಹೇಳಿದೆ. ನನ್ನ ಗಂಡ. ದಿನವಿಡೀ ಗಂಜ್ ಮಾರುಕಟ್ಟೆಯಲ್ಲಿ ಕಾಳಿನ ಚೀಲ ಹೊರುವವ. ಬೆನ್ನಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಅಂದ:

"ಸಖೂ, ನೀ ಹೆದರಿಲ್ಲ. ಕಡೀಗಿ ನಿಂದ್ರೂ ಚಟ ಬಿದ್ದದ ನಿನಗ. ಈಗ ಸಾಲೂ ಇಲ್ಲ, ಹಿಂದ ಸರಿ ಅನ್ನಾವ್ರೂ ಇಲ್ಲ. ಆದ್ರೂ ನೀ ಹಿಂದ ಸರೀಲಾಕ ಜಾಗಾ ಹುಡುಕಾಕತ್ತಿ."

ಕೈಯಲ್ಲಿದ್ದ ಎಣ್ಣೆ ಹಾಗೇ ಇತ್ತು. ಓದು ಬರದ ಮನುಷ್ಯ. ನನ್ನ ಹತ್ತು ಭಾಷಣದಲ್ಲಿ ಇಲ್ಲದ ಮಾತು ಆಡಿದ.

ಗುರುವಾರ, ೨ ಫೆಬ್ರುವರಿ. ಮಧ್ಯಾಹ್ನ

ಹದಿನೆಂಟು ದಿನ ಏನೂ ಬರೆದಿಲ್ಲ. ಬರೆಯುವಂಥದ್ದು ಏನೂ ಮಾಡಿಲ್ಲ.

ನಡುವೆ ಬೀದರಿಗೆ ಹೋಗಿದ್ದೆ, ಸಂಘಟನೆಯ ಸಭೆಗೆ. "ನಮ್ಮ ಬದುಕು ನಮ್ಮ ಕೈಯಲ್ಲಿ, ಇವತ್ತೇ, ಈಗಲೇ" ಅಂತ ಮುಕ್ಕಾಲು ಗಂಟೆ ಗುಡುಗಿದೆ. ಚಪ್ಪಾಳೆ. ಮರಳಿ ಬಂದೆ. ಶಟರಿಗೆ ಜೇಡ ಬಲೆ ಕಟ್ಟಿತ್ತು. ಥೂ.

ಇವತ್ತು ಬೆಳಿಗ್ಗೆ ಬಾಗಿಲ ಮುಂದೆ ಕೈಗಾಡಿಯ ಸದ್ದು. ಖಮರುದ್ದೀನ್ ಮೋಟಾರನ್ನು ತಾನೇ ತಳ್ಳಿಕೊಂಡು ಬಂದಿದ್ದ. ಮೈಯೆಲ್ಲ ಬೆವರು.

"ನಾ ಕರೀಲಿಲ್ಲಲ್ಲ ಭಾಯಿ!"

"ನಿಮಗಾಗಿ ಬಂದಿಲ್ಲ. ನನ್ನ ಅಂಗಡ್ಯಾಗ ಕುಂಡ್ರಾಕ ಜಾಗಾ ಬೇಕಾಗೇದ. ಶಟರ್ ಎತ್ತರಿ."

"ಇವತ್ತ ಸುರು ಮಾಡಾಕ ಆಗಂಗಿಲ್ಲ, ಪಟ್ಟಾ—"

"ಸುರು ಮಾಡು ಅಂತ ಯಾರ್ ಅಂದ್ರು? ನಾಲ್ಕ್ ನಟ್ ಬಿಗೀರಿ, ಬಸ್. ಗಿರಣಿ ಫಿಕರ್ ಬ್ಯಾಡ. ನಟ್ಟಿನ ಫಿಕರ್ ಮಾಡ್ರಿ."

ಪಾನಾ ಕೈಗೆ ಕೊಟ್ಟ. ಬಿಗಿದೆ. ಒಂದು. ಎರಡು. ಮೂರನೆಯದು ಜಾರಿ ಬೆರಳು ಕೆತ್ತಿತು. ನಾಲ್ಕನೆಯದಕ್ಕೆ ಮೈಯಲ್ಲಿ ಏನೋ ಬಿಸಿ ಹರಿಯಿತು. ಇನ್ನೂ ನಾಲ್ಕು ನಟ್ಟು ಇದ್ದಿದ್ದರೆ ಅವನ್ನೂ ಬಿಗಿಯುತ್ತಿದ್ದೆ.

ಅದೇ ಹುರುಪಿನಲ್ಲಿ ತೀರ್ಮಾನ ಮಾಡಿದೆ. ಆ ಸಾಬೂನು ಏಜಂಟ್ ಮಹಾಶಯ, ಕಮಿಶನ್ನಿನ ಆಸೆಗೆ, ಹೈದರಾಬಾದಿನಿಂದ ಎಲ್ಲ ಸಾಮಾನೂ ಒಂದೇ ಗಾಡಿಯಲ್ಲಿ ತರಿಸಿಕೊಡುತ್ತೇನೆ ಅಂದಿದ್ದ. ಬೇಡ. ಈ ಓಣಿಯ ಹೆಂಗಸರು ನನ್ನ ಬಾಗಿಲಿಗೆ ಬರಬೇಕು ಅನ್ನುವವಳು ನಾನು ಮೊಳೆಯನ್ನೂ ಹೊರಗಿನಿಂದ ತಂದರೆ ಯಾವ ಮುಖ ಇಟ್ಟುಕೊಂಡು ಕರೆಯಲಿ? ಪಟ್ಟಾ ಇಲ್ಲೇ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಕ್ಕಿತು, ಖಮರುದ್ದೀನನೇ ಅಳೆದು ಕತ್ತರಿಸಿದ. ಕಾಳು ಸುರಿಯುವ ತಗಡಿನ ಬಾಯಿ ಎದುರಿನ ತಗಡಿನವರಿಂದ. ಜರಡಿ ಹಜಿರಾ ಬೀ ಖಾಲಾ ಹತ್ತಿರ. ಓಣಿಯ ಮೂಲೆಯಲ್ಲಿ ಜರಡಿ, ಮೊರ, ಕಸಬರಿಗೆ ಹಾಕಿಕೊಂಡು ಕೂಡುವ ಮುದುಕಿ.

"ಎಷ್ಟ ದಿನಾ ಆತು, ನೋಡ್ಕೋತ ಹೋಗ್ತಿ, ತಗೊಳ್ಳಂಗಿಲ್ಲ," ಅಂದಳು. "ಸೋಲಾಪುರದ ಸ್ಟೀಲ್ ಜರಡಿ ಬೇಕಂತ ತಿಳಕೊಂಡಿದ್ದೆ, ಬಡೇ ಗಿರಣಿವಾಲಿ."

"ನಿನ್ನ ಜರಡಿನೇ ಬೇಕು ಖಾಲಾ."

ಹುಬ್ಬು ಏರಿಸಿದಳು. ಇದ್ದವುಗಳಲ್ಲಿ ಒಳ್ಳೆಯದನ್ನೇ ಆರಿಸಿ ಕೊಟ್ಟಳು.

ನಮ್ಮ ಕಡೆ ಉಪಕಾರ ಆಯಿತು ಅಂತ ಬಾಯಿಬಿಟ್ಟು ಹೇಳುವ ರೂಢಿ ಇಲ್ಲ. ಇಲ್ಲಿ ಬರೆಯುತ್ತೇನೆ. ಖಮರುದ್ದೀನ್ ಭಾಯಿ, ಆ ಕೈಗಾಡಿಯ ಸದ್ದು ಮರೆಯುವುದಿಲ್ಲ.

ಮಂಗಳವಾರ, ೭ ಫೆಬ್ರುವರಿ. ಕಲ್ಯಾಣದಿಂದ ಬರುವ ಬಸ್ಸಿನಲ್ಲಿ

ಅಕ್ಷರ ಕುಣಿಯುತ್ತಿವೆ. ಇರಲಿ.

ಕಲ್ಯಾಣದಲ್ಲಿ ಇಳಿದಾಗಲೆಲ್ಲ ನನಗೆ ಸಿಟ್ಟು. ಎಲ್ಲರೂ ಒಂದೇ ಅಂದವರ ಊರು. ಅಂದವರನ್ನು ಓಡಿಸಿದ್ದೂ ಇದೇ ಊರು. ಇವತ್ತು ಸಿಟ್ಟು ಮಾಡಲು ಪುರಸೊತ್ತಿರಲಿಲ್ಲ. ಮಡೆಪ್ಪಜ್ಜನನ್ನು ಹುಡುಕಬೇಕಿತ್ತು. ಗಿರಣಿ ಕಲ್ಲಿಗೆ ಟಾಕಿ ಹೊಡೆಯುವವ — ಅಂದರೆ ಸವೆದ ಕಲ್ಲಿಗೆ ಉಳಿಯಿಂದ ಮತ್ತೆ ಹಲ್ಲು ಮೂಡಿಸುವವ. ಕೋಟೆ ಕಡೆಯ ಬೇವಿನ ಮರದ ಕೆಳಗೆ ಬರಿಗೈಲಿ ಕೂತಿದ್ದ. ಕಲ್ಲು ಬಡಿದು ಬಡಿದು ಕಿವಿ ಹೋಗಿದೆ. ನಾನು ಕೂಗಬೇಕು, ಅಜ್ಜನೂ ಕೂಗುತ್ತಾನೆ. ರಸ್ತೆಯವರು ಜಗಳ ಅಂದುಕೊಂಡು ನಿಂತರು.

"ಹುಮನಾಬಾದಿಗಿ ಬರ್ಬೇಕು ಅಜ್ಜಾ! ಟಾಕಿ ಹೊಡೀಲಾಕ!"

"ಈಗೇನ್ ಟಾಕಿ! ಎಲ್ಲಾರೂ ತಯಾರಿ ಕಲ್ಲ ತರಸ್ತಾರ. ಸವದ್ರ ಒಗೀತಾರ, ಹೊಸಾದು!"

"ನಾ ತರ್ಸಂಗಿಲ್ಲ! ನೀವೇ ಹೊಡೀಬೇಕು!"

ಕಣ್ಣು ಕಿರಿದು ಮಾಡಿ ನೋಡಿದ. "ಎರಡ ವರ್ಷ ಆತು ಯಾರೂ ಕರೀಲಾರದ," ಅಂದ. ಇದನ್ನು ಮಾತ್ರ ಮೆಲ್ಲಗೆ ಅಂದ.

ಶುಕ್ರವಾರ, ೧೦ ಫೆಬ್ರುವರಿ

ಅಜ್ಜ ಬೆಳಗಿನ ಮೊದಲ ಬಸ್ಸಿಗೇ ಬಂದ. ಉಳಿ ಸುತ್ತಿದ್ದ ಬಟ್ಟೆಯನ್ನು ಮಗುವಿನ ಬಟ್ಟೆ ಬಿಚ್ಚಿದ ಹಾಗೆ ಬಿಚ್ಚಿದ. ಆರು ತಾಸು ಟಕ್ ಟಕ್ ಟಕ್. ಕಲ್ಲಿನ ನಡುವಿನಿಂದ ಅಂಚಿಗೆ ಗೆರೆ, ಒಂದರ ಮಗ್ಗುಲು ಒಂದು, ಕೂದಲೆಳೆ ತಪ್ಪಿಲ್ಲ. ಎರಡು ವರ್ಷ ಸುಮ್ಮನೆ ಕೂತ ಕೈ ಅಂತ ಯಾರೂ ಹೇಳಲಾರರು.

ಮಧ್ಯಾಹ್ನ ನಮ್ಮ ಮನೆಯಲ್ಲಿ ಉಂಡ. ಯಾರ ಮನೆ ಅಂತ ಕೇಳಲಿಲ್ಲ. ಪಂಡರಿ ತಾನಾಗಿಯೇ ಹೇಳಿದ, "ಅಜ್ಜಾ, ನಾವು ಕೇರಿಯವ್ರು."

"ಕೇಳಸಂಗಿಲ್ಲ. ಪುಂಡಿಪಲ್ಲೆ ಇನ್ನೊಂದೀಟ ಹಾಕು."

ಪಂಡರಿ ನಕ್ಕ. ನಾನು ಹಿಂದೆ ತಿರುಗಿ ಒಲೆ ಊದಿದೆ.

ಹೋಗುವಾಗ ಅಜ್ಜ ಎರಡು ಸಲ ಹೇಳಿದ. "ಕಲ್ಲಿನ ಪುಡಿ ಒಳಗ ಕುಂತಿರ್ತದ. ಮದಲ ಐದ ಸೇರು ಬೀಸಿ ದನಕ್ಕ ಹಾಕು. ಆಮ್ಯಾಲ ಮನುಷ್ಯಾರಿಗಿ. ಮರೀಬ್ಯಾಡ."

ಮರೆಯುವುದಿಲ್ಲ. ನಾಳೆಯೇ ಬೀಸುತ್ತೇನೆ.

ಗುರುವಾರ, ೨೩ ಫೆಬ್ರುವರಿ. ಮಧ್ಯಾಹ್ನ ಮೂರು

ಮತ್ತೆ ಹನ್ನೆರಡು ದಿನ ತಿಂದೆ. ಪಂಡರಿಗೆ ಜ್ವರ ಬಂತು, ನಿಜ. ಜ್ವರ ನಾಲ್ಕೇ ದಿನ ಇತ್ತು, ಅದೂ ನಿಜ.

ಇವತ್ತು ಶಟರ್ ಎತ್ತಿದೆ. ಇಳಿಸಲಿಲ್ಲ! ಪೂಜೆ ಇಲ್ಲ, ಮುಹೂರ್ತ ಇಲ್ಲ, ತೆಂಗಿನಕಾಯಿ ಇಲ್ಲ. ಗೋಡೆಗೆ ಸುಣ್ಣದಲ್ಲಿ ನಾನೇ ಬರೆದೆ: ಬಂದವರ ಸರದಿ. ಇಷ್ಟೇ ಬೋರ್ಡು.

ಹನ್ನೊಂದರವರೆಗೆ ಯಾರೂ ಇಲ್ಲ. ಆಗ ಹಜಿರಾ ಬೀ ಖಾಲಾ ಸೊಂಟದ ಮೇಲೆ ಜೋಳದ ಡಬ್ಬಿ ಇಟ್ಟುಕೊಂಡು ಬಂದಳು. "ಜರಡಿ ನನ್ನದು ತಗೊಂಡಿ. ಹಿಟ್ಟು ನಿನ್ನದು ತಗೋಬೇಕಲ್ಲಾ."

ಸ್ವಿಚ್ ಒತ್ತಿದೆ. ಪಟ್ಟಾ ಜಗ್ಗಿತು, ಕಲ್ಲು ಗುರ್ ಅಂತು, ಬಿಳಿ ಹಿಟ್ಟು ಇಳಿಯಿತು. ಬಿಸಿ ಬಿಸಿ. ಅಂಗೈಯಲ್ಲಿ ಹಿಡಿದು ನಿಂತೆ. ಬಿಡಲು ಮನಸ್ಸಿಲ್ಲ.

ಶುಕ್ರವಾರ, ೨೪ ಫೆಬ್ರುವರಿ

ಸತ್ತೆ.

ಬೆಳಿಗ್ಗೆ ಖಾಲಾ ಹಿಟ್ಟಿನ ಡಬ್ಬಿ ಹೊತ್ತು ನಡುರಸ್ತೆಯಲ್ಲಿ ನಿಂತು ಕೂಗಿದಳು.

"ಏ ಗಿರಣಿವಾಲಿ! ನಿನ್ನ ಹಿಟ್ಟಿನಾಗ ಕಲ್ಲ ಅದಾವ! ನನ್ನ ಜರಡಿ ಹಿಡೀಲಿಲ್ಲ, ನನ್ನ ಹಲ್ಲ ಹಿಡೀತು!"

ಓಣಿಯೆಲ್ಲ ಹೊರಗೆ ಬಂತು. ಆಗ ನೆನಪಾಯಿತು, ಅಜ್ಜನ ಐದು ಸೇರು. ಬೀಸಲೇ ಇಲ್ಲ. ನಾಳೆ ನಾಳೆ ಅಂದು ಮರೆತೇಬಿಟ್ಟಿದ್ದೆ. ಈ ಓಣಿಯವರ ಬಾಯಿಗೆ ಬೇಕಾದದ್ದು ಇದೇ: ನೋಡಿರಿ, ಅವರ ಕೈಯ ಹಿಟ್ಟು.

ನಾಲಿಗೆಯ ತುದಿಗೆ ಬಂದಿತ್ತು — ಟಾಕಿ ಹೊಡೆದವನ ತಪ್ಪು ಅನ್ನುವುದು. ಅಜ್ಜ ಇಲ್ಲಿಲ್ಲ, ಕಿವಿಯೂ ಕೇಳದು. ಎಷ್ಟು ಸುಲಭ! ನುಂಗಿದೆ.

"ತಪ್ಪ ನಂದು ಖಾಲಾ," ಅಂದೆ, ಎಲ್ಲರಿಗೂ ಕೇಳುವ ಹಾಗೆ. "ಟಾಕಿ ಹೊಡದ ಮ್ಯಾಲ ಮದಲ ಐದ ಸೇರು ದನಕ್ಕ ಬೀಸ್ಬೇಕಿತ್ತು. ಅಜ್ಜ ಎರಡ ಸಲ ಹೇಳಿ ಹೋಗ್ಯಾನ. ನಾ ಆಲಸಿತನಾ ಮಾಡಿದೆ."

"ಒಪ್ಪಿದಿ, ಛಲೋ ಆತು. ಹಲ್ಲ ಯಾರ ಕೊಡ್ತಾರ? ಇರೂವೇ ಆರು. ಒಂದ ಅಲ್ಲಾಡಾಕತ್ತದ."

ಯಾರೋ ನಕ್ಕರು. ಮಹಾರುದ್ರಪ್ಪನವರ ಹೆಂಡತಿ ಶಕುಂತಲಾಬಾಯಿ ಕಟ್ಟೆಯ ಮೇಲೆ ನಿಂತಿದ್ದರು. ಈ ಓಣಿಯ ಸೊಸೆಯರು ನಡೆಯುವುದು ಅವರ ಹಿಂದೆ. ಅವರು ಸೆರಗು ತಲೆಗೆ ಎಳೆದುಕೊಂಡು ಅಂದರು:

"ಖಾಲಾ, ಆ ಹಿಟ್ಟ ಚೆಲ್ಲಬ್ಯಾಡ. ನಮ್ಮ ಎಮ್ಮಿಗಿ ಕೊಡು."

ಖಾಲಾಗೆ ಬೇರೆ ಜೋಳ ನಾನೇ ಕೊಟ್ಟೆ. ಐದು ಸೇರು ಹಳೆಯ ಜೋಳ ಮೊದಲು ಬೀಸಿ ತೆಗೆದಿಟ್ಟೆ, ಆಮೇಲೆ ಅವಳದು. ಅವಳು ಕಲ್ಲಿನ ಮುಂದೆಯೇ ಕಾವಲು ಕೂತಳು. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು. ಅಲ್ಲಾಡುವ ಹಲ್ಲಿನಿಂದಲೇ ಜಗಿದಳು.

"ಹಾಂ. ಈಗ ಹಿಟ್ಟು ಆತು," ಅಂದಳು.

ತಿರುಗಿ ಬಂದು ಬೈದವಳು. ಬಾರದೆ ಇದ್ದಿದ್ದರೆ ನಾನು ಮುಗಿದಿದ್ದೆ. ಅವಳ ಬೈಗುಳಕ್ಕೆ ನಾನು ಋಣಿ.

ಭಾನುವಾರ, ೨೬ ಫೆಬ್ರುವರಿ

ಎಮ್ಮೆ ಎಲ್ಲ ತಿಂದಿತಂತೆ. ನಿನ್ನೆ ಶಕುಂತಲಾಬಾಯಿ ಎಮ್ಮೆಗೆ ಹಾಕುವ ಜೋಳ ಒಂದು ಚೀಲ ಕಳಿಸಿದರು, ನುಚ್ಚು ಒಡೆಸಲು. ಅದನ್ನು ನೋಡಿ ಇನ್ನೂ ಮೂರು ಮನೆಯವರು ಕಳಿಸಿದರು. ಎಲ್ಲ ದನದ ಕಾಳು. ಮನೆಯ ಡಬ್ಬಿ ಮಾತ್ರ ಬಸ್‌ಸ್ಟ್ಯಾಂಡಿಗೇ ಹೋಗುತ್ತದೆ.

ಎಮ್ಮೆಗೆ ಮಡಿ ಇಲ್ಲ. ಆ ಎಮ್ಮೆಯ ಹಾಲು ಕುಡಿಯುವವರಿಗೆ ಇದೆ. ಇದನ್ನು ಮುಂದಿನ ಸಭೆಯಲ್ಲಿ ಹೇಳಲೇಬೇಕು.

"ಸಂಘಟನಿಗಿ ಎಮ್ಮಿಗೋಳ್ನ ಸೇರಿಸ್ಕೋ," ಅಂದ ಪಂಡರಿ. "ಚಂದಾ ಕೊಡಂಗಿಲ್ಲ, ಆದ್ರ ನಿನ್ನ ಮಾತ ಕೇಳ್ತಾವ."

ನಕ್ಕು ನಕ್ಕು ಪಕ್ಕೆ ನೋವು ಬಂತು.

ಸೋಮವಾರ, ೨೭ ಫೆಬ್ರುವರಿ. ದೀಪ ಹಚ್ಚುವ ಹೊತ್ತು

ಮಹಾರುದ್ರಪ್ಪನವರು ಕರೆದರು. ತಕ್ಕಡಿ ಒರೆಸುತ್ತ, ನನ್ನ ಮುಖ ನೋಡದೆ ಮಾತಾಡಿದರು.

"ಎಮ್ಮಿ ಗಿರಣಿ ಅಂತ ಹೆಸರ ಬಿದ್ದದ ಸಖುಬಾಯಿ. ನಾ ಏನ್ ಮಾಡ್ಲಿ? ನಾಡದ ಶಿವರಾತ್ರಿ. ನಾಳಿ ಹನ್ನೆರಡಕ್ಕ ಏಜಂಟ್ ತನ್ನ ಕೀಲಿ ಹಾಕಾಕ ಬರ್ತಾನ."

"ಗಿರಣಿ ನಡದದಲ್ರಿ, ಅಣ್ಣಾರ. ಮಾತ ಅಷ್ಟೇ ಇತ್ತು."

"ನಡದದ, ಖರೇ. ಆದ್ರ ಮನಿ ಡಬ್ಬಿ ಬರದಿದ್ರ ಎಷ್ಟ ದಿನಾ ನಡೀತದ? ನಾಳಿ ಅವ ಬಂದಾಗ ಓಣಿ ಡಬ್ಬಿ ನಾಲ್ಕರ ಸಾಲಿನಾಗ ಕಂಡ್ರ, ನಾ ಅವಗ ಇಲ್ಲ ಅಂತೀನಿ. ಬಸವಣ್ಣನ ಆಣಿ."

ಒಳಗೆ ಪಾತ್ರೆ ತಿಕ್ಕುವ ಸದ್ದು ನಿಂತಿತ್ತು.

ಮನೆಗೆ ಹೋಗಿ ಮುಸುಕು ಹೊದ್ದು ಮಲಗಬೇಕು ಅನ್ನಿಸಿತು. ನಾಳೆ ಬೆಳಿಗ್ಗೆ ಎದ್ದು ನೋಡಿದರಾಯಿತು... ಇಲ್ಲ. ಅಲ್ಲಿಂದಲೇ ಹೊರಟೆ. ಒಂಬತ್ತು ಮನೆ. ನಾನು ಎಂದೂ ನಿಲ್ಲದ ಹೊಸ್ತಿಲುಗಳು. ಭಾಷಣ ಮಾಡಲಿಲ್ಲ. "ಕಲ್ಲ ಸ್ವಚ್ಛ ಆಗೇದ, ಹಿಟ್ಟು ಸಣ್ಣಗ ಬೀಳ್ತದ, ನಾಳಿ ಎಂಟಕ್ಕ ತೆಗೀತೀನಿ, ಬರ್ರಿ" — ಇಷ್ಟೇ. ಎರಡು ಬಾಗಿಲು ಮುಚ್ಚಿದವು. ನಾಲ್ಕು ಕಡೆ "ನೋಡಮು" ಅಂದರು. ಎರಡು ಕಡೆ ನೋಡಲೂ ಇಲ್ಲ. ಕಡೆಯದು ಶಕುಂತಲಾಬಾಯಿಯ ಹಿತ್ತಲ ಬಾಗಿಲು.

"ಅತ್ತಿ ಅದಾರ," ಅಂದರು ಮೆಲ್ಲಗೆ. ಬಾಗಿಲು ಮಾತ್ರ ಹಾಕಲಿಲ್ಲ.

ಮಂಗಳವಾರ, ೨೮ ಫೆಬ್ರುವರಿ. ಬೆಳಿಗ್ಗೆ ಹತ್ತೂವರೆ. ಗಿರಣಿಯಲ್ಲಿ

ಕರೆಂಟ್ ಹೋಗಿದೆ. ಸ್ವಿಚ್ ಆರಿಸಿ ಕೂತಿದ್ದೇನೆ. ಕೈ ಸುಮ್ಮನಿರಲೊಲ್ಲದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಬಂದವಳು ನಮ್ಮ ಕೇರಿಯ ಧೂಳಮ್ಮ. ಅರ್ಧ ಜೋಳ ಬೀಸಿ ಆಗಿದೆ, ಅರ್ಧ ತಗಡಿನ ಬಾಯಿಯಲ್ಲಿದೆ. ಅವಳ ಹಿಂದೆ ಶಕುಂತಲಾಬಾಯಿ.

ಹೌದು. ಬಂದರು. ಮುಂದಿನ ಬಾಗಿಲಿನಿಂದಲೇ, ಹಿತ್ತಾಳೆ ಡಬ್ಬಿ ಕಂಕುಳಲ್ಲಿಟ್ಟುಕೊಂಡು, ಎಲ್ಲರೂ ನೋಡುವಾಗ. ಅವರನ್ನು ಕಂಡದ್ದೇ ಧೂಳಮ್ಮ ಎದ್ದು ತನ್ನ ಡಬ್ಬಿ ಹಿಂದಕ್ಕೆ ಎಳೆದಳು. "ನೀವ್ ಮುಂದ ಬರ್ರಿ, ಅವ್ವಾರ."

"ಧೂಳಮ್ಮ, ಡಬ್ಬಿ ಅಲ್ಲೇ ಇರಲಿ!" ಅಂದೆ. ವೇದಿಕೆಯ ದನಿ ಬಂದುಬಿಟ್ಟಿತು. ಧೂಳಮ್ಮ ಬೆಚ್ಚಿದಳು.

ಶಕುಂತಲಾಬಾಯಿ ಗೋಡೆಯ ಮೇಲಿನ ಬರಹ ನೋಡಿದರು. "ಆಕಿ ಮದಲ ಬಂದಾಳ. ಆಕಿದು ಆಗ್ಲಿ," ಅಂದರು.

ಆಗಲೇ ಕರೆಂಟ್ ಹೋಯಿತು.

ಆಮೇಲೆ ಬರ್ತೀನಿ ಅಂತ ಶಕುಂತಲಾಬಾಯಿ ಹೊರಟುಹೋದರೆ ಯಾರೂ ತಪ್ಪು ಅನ್ನುವಂತಿರಲಿಲ್ಲ. ಆ ಮಾತು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವರು ಜೋಳದ ಚೀಲದ ಮೇಲೆ ಕೂತರು. ಧೂಳಮ್ಮ ಚೂರು ಸರಿದಳು, ಅಷ್ಟೇ.

ಹತ್ತು ಐವತ್ತು. ಖಾಲಾ ಬಂದಳು, ಮೂರನೆಯವಳು. ಶಕುಂತಲಾಬಾಯಿ ಕೂತದ್ದು ಕಂಡು ಎದುರು ಮನೆಯ ಸೊಸೆಯೂ ಡಬ್ಬಿ ತಂದಿಟ್ಟಳು. ಮಗ್ಗುಲ ಮನೆಯವಳು ಇಣುಕಿ ಹೋದವಳು ಡಬ್ಬಿ ಸಮೇತ ಮರಳಿ ಬಂದಳು. ಧೂಳಮ್ಮ, ಖಾಲಾ ಓಣಿಯ ಲೆಕ್ಕಕ್ಕಿಲ್ಲ. ಮೂರಾಯಿತು, ಇನ್ನೊಂದು ಬೇಕು...

ಗೋಡೆಯಾಚೆಯಿಂದ ಅತ್ತೆಯ ದನಿ: "ಶಕುಂತಲಾ! ಎಲ್ಲಿ ಹೋದಿ?"

"ಸಾಲಿನಾಗ ಅದೀನ್ರಿ ಅತ್ತಿ! ಬರಾಕ ಆಗಂಗಿಲ್ಲ!"

ಖಾಲಾ ಬೊಚ್ಚುಬಾಯಿ ತೆರೆದು ನಕ್ಕಳು. ಧೂಳಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಹನ್ನೊಂದು ಇಪ್ಪತ್ತು. ಏಜಂಟ್ ಬೇಗನೆ ಬಂದಿದ್ದಾನೆ. ಸ್ಕೂಟರ್ ಕಿರಾಣಿ ಅಂಗಡಿ ಮುಂದೆ ನಿಂತಿದೆ. ಮಹಾರುದ್ರಪ್ಪನವರು ಹೊರಗೆ ಬಂದು ಇತ್ತ ನೋಡಿದರು. ಹೆಂಡತಿಯನ್ನು ನೋಡಿದರು. ಒಳಗೆ ಹೋದರು. ಏನು ಮಾತಾಡುತ್ತಿದ್ದಾರೋ ಕೇಳಿಸದು.

ನನ್ನ ಬಾಯಿ ಸುಮ್ಮನಿರಲಿಲ್ಲ. ಕೇಳಿಬಿಟ್ಟೆ, ನನಗೇ ನಾಚಿಕೆಯಾಗುವ ಹಾಗೆ. "ಅಕ್ಕಾರ, ಧೂಳಮ್ಮಂದು ಆದ ಮ್ಯಾಲ, ನಡುವ ಒಂದ್ ಹಿಡಿ ನುಚ್ಚು ಹಾಕಿ ಕಲ್ಲಿನಾಗ ಉಳದದ್ದ ತೆಗೀಲೇನ್ರಿ?"

ಹತ್ತು ವರ್ಷದ ಹೋರಾಟ, ಮತ್ತು ಬಾಯಿಂದ ಬಂದದ್ದು ಇದು.

ಅವರು ನನ್ನನ್ನೇ ನೋಡಿದರು. "ಜೋಳದ ಮ್ಯಾಲ ಜೋಳ. ತೆಗ್ಯೋದೇನ್ ಅದ?"

ನಾಲ್ಕನೆಯ ಮನೆಯವಳು ಮೆಟ್ಟಿಲು ಹತ್ತುತ್ತಿದ್ದಾಳೆ. ಅಲ್ಲಿ ಸ್ಕೂಟರ್ ಕಿಕ್ ಹೊಡೆಯುವ ಸದ್ದು. ಏಜಂಟ್ ಹೊರಟ, ಹಾಕಲು ತಂದ ಬೀಗ ಕೈಯಲ್ಲೇ—

ಬಲ್ಬು ಹತ್ತಿತು. ಎಲ್ಲರೂ ಎದ್ದರು. ಸ್ವಿಚ್ ಒತ್ತಬೇಕು. ಧೂಳಮ್ಮಂದು ಇನ್ನೆರಡು ಹಿಡಿ, ಆಮೇಲೆ ಹಿತ್ತಾಳೆ ಡಬ್ಬಿ. ಶಕುಂತಲಾಬಾಯಿ ಮುಚ್ಚಳ ತೆಗೆದು ಡಬ್ಬಿಯನ್ನೇ ನನ್ನ ಕೈಗೆ ಕೊಡುತ್ತಿದ್ದಾರೆ—